ನೀಟ್ ಪಿಜಿಯಲ್ಲಿ ಬೇಕಾದ ಸೀಟು ಸಿಗಲಿಲ್ಲ: ಎಂಬಿಬಿಎಸ್ ಕೈಯಲ್ಲಿಟ್ಟುಕೊಂಡು ಮುಂದೇನು?

ಇಂಟರ್ನ್‌ಮುಗಿದವ

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ನಂತರದ ಸ್ನಾತಕೋತ್ತರ ಸೀಟಿಗೆ ಬರೆಯುವ ನೀಟ್ ಪಿಜಿ ರ‍್ಯಾಂಕ್ 80 ಸಾವಿರದ ಆಚೆ. ಜನರಲ್ ಮೆರಿಟ್, ಓದಿದ್ದು ಕರ್ನಾಟಕದಲ್ಲೇ, ಹೌಸ್ ಸರ್ಜನ್ಸಿ (ಇಂಟರ್ನ್‌ಶಿಪ್) ಮುಗಿದಿದೆ. ಬೇಕಿದ್ದದ್ದು ಜನರಲ್ ಮೆಡಿಸಿನ್. ಮ್ಯಾನೇಜ್‌ಮೆಂಟ್ ಸೀಟಿಗೆ ಸುರಿಯುವಷ್ಟು ದುಡ್ಡಿಲ್ಲ. ಒಬ್ಬರು ಅನಾಟಮಿಯಾದರೂ ಸರಿ ಸೇರಿಕೋ ಅನ್ನುತ್ತಾರೆ, ಇನ್ನೊಬ್ಬರು ಒಂದು ವರ್ಷ ಡ್ರಾಪ್ ಮಾಡು ಅನ್ನುತ್ತಾರೆ, ಮತ್ತೊಬ್ಬರು ಬ್ರಿಟನ್ನಿನ ಪ್ಲ್ಯಾಬ್ ಪರೀಕ್ಷೆ ಬರೆದು ಹೊರಟುಬಿಡು ಅನ್ನುತ್ತಾರೆ. ಜೊತೆಗೆ ‘ಒಂದೇ ವರ್ಷದಲ್ಲಿ ಡಯಾಬಿಟಾಲಜಿಸ್ಟ್ ಆಗಿ’ ಅಂತ ಫೆಲೋಶಿಪ್ ಕೋರ್ಸುಗಳ ಜಾಹೀರಾತು ದಿನಕ್ಕೆ ಹತ್ತು. ಸಮಾಧಾನದ ಮಾತು ಬೇಡ. ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಗೊತ್ತಿರುವವರು ಹೇಳಿ.

ಶರಾವತಿ

ಮೊದಲು ಒಂದು ಪ್ರಶ್ನೆ: ಕೌನ್ಸೆಲಿಂಗ್ (ಸೀಟು ಹಂಚಿಕೆ) ಪೂರ್ತಿ ಮುಗಿದಿದೆಯೋ, ನೀವೇ ಮುಗಿಯಿತು ಅಂದುಕೊಂಡಿದ್ದೀರೋ? ಎರಡನೇ ಸುತ್ತಿಗೆ ಬೇಸತ್ತು ಕೈಬಿಡುವವರು ಬಹಳ.

ಕೌಂಟರ್ ಎರಡು ಅನ್ನುವುದು ನೆನಪಿರಲಿ. ಎಂಸಿಸಿಯಲ್ಲಿ (ಕೇಂದ್ರದ ಸೀಟು ಹಂಚಿಕೆ ಸಮಿತಿ) ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ 50% ಅಖಿಲ ಭಾರತ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯಗಳ ಎಲ್ಲ ಸೀಟು ಮತ್ತು ಡಿಎನ್‌ಬಿ (ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ಪಿಜಿ) ಸೀಟುಗಳು ಬರುತ್ತವೆ. ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರಾಜ್ಯದ ಪಾಲಿನ ಸರ್ಕಾರಿ ಸೀಟು ಹಾಗೂ ಖಾಸಗಿ ಕಾಲೇಜುಗಳ ಸರ್ಕಾರಿ, ಖಾಸಗಿ ಮತ್ತು ಎನ್‌ಆರ್‌ಐ ಕೋಟಾ. ನೋಂದಣಿ, ದಾಖಲೆ ಪರಿಶೀಲನೆ, ಠೇವಣಿ ಎಲ್ಲ ಬೇರೆ ಬೇರೆ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರ ಠೇವಣಿ 25,000, ಡೀಮ್ಡ್‌ಗೆ 2 ಲಕ್ಷ. ಡೀಮ್ಡ್ ಸೀಟಿನ ಶುಲ್ಕ ಕಟ್ಟಲು ಹೇಗೂ ಆಗುವುದಿಲ್ಲ ಎಂದಾದರೆ ಆ 2 ಲಕ್ಷ ಕಟ್ಟಿ ಸಿಕ್ಕಿಹಾಕಿಕೊಳ್ಳಬೇಡಿ.

ಸುತ್ತು ಸುತ್ತಿಗೂ ನಿಯಮ ಬಿಗಿಯಾಗುತ್ತದೆ. ಎಂಸಿಸಿ 1ನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೂ ನಷ್ಟವಿಲ್ಲ. 2ನೇ ಸುತ್ತಿನಲ್ಲಿ ಸಿಕ್ಕಿದ್ದನ್ನು ಬಿಟ್ಟರೆ ಠೇವಣಿ ಹೋಗುತ್ತದೆ. 3ನೇ ಸುತ್ತಿನಲ್ಲಿ ಬಿಟ್ಟರೆ ಠೇವಣಿಯೂ ಇಲ್ಲ, ಮುಂದಿನ ಸುತ್ತೂ ಇಲ್ಲ. ಸ್ಟ್ರೇ ಸುತ್ತಿನಲ್ಲಿ (ಉಳಿದ ಸೀಟುಗಳ ಕೊನೆಯ ಸುತ್ತು) ಸಿಕ್ಕ ಸೀಟಿಗೆ ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ನೀಟ್ ಪಿಜಿಯೂ ಕೈತಪ್ಪುತ್ತದೆ. ‘ಸುಮ್ಮನೆ ಇರಲಿ’ ಅಂತ ಕೊನೆಯಲ್ಲಿ ಎರಡು ಫೋರೆನ್ಸಿಕ್ ಸೀಟು ಪಟ್ಟಿಗೆ ಸೇರಿಸಿ, ಅದೇ ಬಂದಾಗ ಕಂಗಾಲಾಗುವುದು ಪ್ರತಿ ವರ್ಷದ ಕಥೆ. ಸ್ಟ್ರೇಯಲ್ಲಿ ನೀವು ಹಾಕುವ ಪ್ರತಿಯೊಂದು ಆಯ್ಕೆಯೂ ‘ಬಂದರೆ ಸೇರುತ್ತೇನೆ’ ಅನ್ನುವಂಥದ್ದಾಗಿರಬೇಕು.

ಇನ್ನೊಂದು: ಸೀಟು ಉಳಿದಾಗ ಅರ್ಹತಾ ಪರ್ಸೆಂಟೈಲ್ ಇಳಿಸುತ್ತಾರೆ. 2023ರಲ್ಲಿ ಸೊನ್ನೆಗೇ ಇಳಿಸಿದರು. ಆದರೆ ಅರ್ಹತೆ ಇಳಿದ ಮಾತ್ರಕ್ಕೆ ಮೆಡಿಸಿನ್, ರೇಡಿಯಾಲಜಿ ಕೆಳಗಿಳಿದು ಬರುವುದಿಲ್ಲ. ಉಳಿಯುವುದು ಬಹುಪಾಲು ನಾನ್ ಕ್ಲಿನಿಕಲ್ (ರೋಗಿಗಳನ್ನು ನೇರವಾಗಿ ನೋಡದ ವಿಷಯಗಳು) ಮತ್ತು ವಿಪರೀತ ಶುಲ್ಕದ ಸೀಟುಗಳು.

ಜನರಲ್ ಮೆರಿಟ್ ಅಂದಿರಿ. ಎಂಸಿಸಿಯಲ್ಲಿ ಇಡಬ್ಲ್ಯೂಎಸ್‌ಗೆ (ಆರ್ಥಿಕವಾಗಿ ದುರ್ಬಲ ವರ್ಗ) 10% ಇದೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಆಸ್ತಿಯ ಮಿತಿಯೂ ಇದೆ. ನೀಟ್ ಅರ್ಜಿಯಲ್ಲೇ ಗುರುತಿಸಿರಬೇಕಾದ್ದರಿಂದ ಈ ವರ್ಷಕ್ಕೆ ತಡವಾಗಿರಬಹುದು. ಮುಂದಿನ ಸಲಕ್ಕೆ ಈಗಲೇ ನೋಡಿಟ್ಟುಕೊಳ್ಳಿ.

ಕಲಬುರ್ಗಿ_ಬಿಸಿಲು

ಶರಾವತಿ ಅವರು ಹೇಳಿದ್ದಕ್ಕ ಒಂದು ಮಾತು ಸೇರಸ್ತೀನ್ರಿ. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ ಬರೇ ನೌಕರಿಗೆ ಅಂತ ತಿಳ್ಕೊಂಡಿರ್ತಾರ. ನಮ್ಮ ಭಾಗದ ಸಂಸ್ಥೆಗಳೊಳಗ ಸ್ಥಳೀಯರಿಗೆ 70%, ರಾಜ್ಯದ ಉಳಿದ ಕಡೆ 8% ಮೀಸಲು ಅದ, ಕೆಇಎ ಪಿಜಿ ಸೀಟಿಗೂ ಅದು ಬರ್ತದ. ಸಹಾಯಕ ಆಯುಕ್ತರ ಕಚೇರಿಯಿಂದ ತಗೋಬೇಕು. ಸೀಟು ಹಂಚಿಕಿ ಶುರು ಆದ ಮ್ಯಾಲೆ ಓಡಾಡಿದ್ರ ಏನೂ ಆಗಂಗಿಲ್ರಿ.

ಮತ್ತ ಹಿಂದುಳಿದ ವರ್ಗದವರು ಗಮನಿಸ್ರಿ. ಕೆಇಎಗೆ ರಾಜ್ಯದ 2ಎ, 3ಬಿ ಥರದ ಸರ್ಟಿಫಿಕೇಟ್ ನಡೀತದ. ಎಂಸಿಸಿಗೆ ಕೇಂದ್ರದ ನಮೂನೆಯ ಒಬಿಸಿ ಬೇಕು. ಎರಡೂ ಪಟ್ಟಿ ಒಂದೇ ಅಲ್ಲ. ರಾಜ್ಯದ ಪಟ್ಟಿಯೊಳಗ ಇದ್ದ ಜಾತಿ ಕೇಂದ್ರದ ಪಟ್ಟಿಯೊಳಗ ಅದನೋ ಇಲ್ಲೋ ನೋಡೇ ಅರ್ಜಿ ತುಂಬ್ರಿ.

ನಾಡಿ72

ಡಿಎನ್‌ಬಿ ಅಂದ ಕೂಡಲೇ ಮೂಗು ಮುರಿಯುವವರು ಇನ್ನೂ ಇದ್ದಾರೆ. ಮೂರು ವರ್ಷದ ಕೋರ್ಸು, ಎಂಸಿಸಿ ಮೂಲಕವೇ ಹಂಚಿಕೆ. ವಾರ್ಷಿಕ ಶುಲ್ಕ ನಿಗದಿ ಮಾಡುವುದು ಅದನ್ನು ನಡೆಸುವ ಕೇಂದ್ರದ ಮಂಡಳಿ ಎನ್‌ಬಿಇಎಂಎಸ್, ಆಸ್ಪತ್ರೆ ಸ್ಟೈಪೆಂಡ್ ಕೊಡಲೇಬೇಕು. ಖಾಸಗಿ ಕಾಲೇಜಿನ ಎಂಡಿ ಶುಲ್ಕ ಕಟ್ಟಲಾಗದವರಿಗೆ ಇದಕ್ಕಿಂತ ನೇರ ದಾರಿ ಇಲ್ಲ.

ತೊಡಕು ಪಾಸಾಗುವುದರಲ್ಲಿದೆ. ಅಂತಿಮ ಥಿಯರಿ ತಲಾ 100 ಅಂಕದ ನಾಲ್ಕು ಪತ್ರಿಕೆ, ಒಟ್ಟು 400ಕ್ಕೆ 200 ಬರಬೇಕು, ಆಮೇಲೆ ಪ್ರಾಕ್ಟಿಕಲ್, ಜೊತೆಗೆ ಥೀಸಿಸ್. ಎಂಡಿಯಲ್ಲಿ ಓದಿದ ಕಾಲೇಜಿನಲ್ಲೇ ಪರೀಕ್ಷೆಯಾದರೆ, ಇಲ್ಲಿ ಅಪರಿಚಿತ ಕೇಂದ್ರದಲ್ಲಿ ಅಪರಿಚಿತ ಪರೀಕ್ಷಕರ ಎದುರು ಕೇಸ್ ಹೇಳಬೇಕು. ಹಾಗಾಗಿ ಆಯ್ಕೆ ತುಂಬುವ ಮೊದಲು ಆ ಆಸ್ಪತ್ರೆಯ ಈಗಿನ ರೆಸಿಡೆಂಟ್‌ಗಳಿಗೆ (ಅಲ್ಲಿ ಓದುತ್ತಿರುವವರಿಗೆ) ಫೋನ್ ಮಾಡಿ ಮೂರು ವಿಷಯ ಕೇಳಿ: ಹಿಂದಿನ ಬ್ಯಾಚಿನಲ್ಲಿ ಮೊದಲ ಸಲಕ್ಕೇ ಎಷ್ಟು ಜನ ಪಾಸಾದರು, ಸ್ಟೈಪೆಂಡ್ ಪೂರ್ತಿ ಬರುತ್ತದಾ ಅಥವಾ ಒಂದು ಪಾಲು ‘ವಾಪಸ್’ ಹೋಗುತ್ತದಾ, ಕೈಯಾರೆ ಕೆಲಸ ಎಷ್ಟು ಸಿಗುತ್ತದೆ. ಬಹುತೇಕ ರೋಗಿಗಳು ಕನ್ಸಲ್ಟೆಂಟರ ಖಾಸಗಿ ರೋಗಿಗಳೇ ಆಗಿರುವ ಆಸ್ಪತ್ರೆಗಳಲ್ಲಿ ಸರ್ಜರಿ ಕಲಿಯುವವರು ರಿಟ್ರ್ಯಾಕ್ಟರ್ (ಗಾಯ ಅಗಲಿಸಿಡುವ ಸಲಕರಣೆ) ಹಿಡಿದೇ ಮೂರು ವರ್ಷ ಕಳೆಯುವುದುಂಟು. ಮೆಡಿಸಿನ್, ಅನಸ್ತೇಸಿಯಾ, ಎಮರ್ಜೆನ್ಸಿಗೆ ಆ ಸಮಸ್ಯೆ ಅಷ್ಟಿಲ್ಲ. ಸೇರಿ ನಡುವೆ ಬಿಟ್ಟರೆ ಕೋರ್ಸಿನ ಪೂರ್ತಿ ಅವಧಿ ಮುಗಿಯುವ ತನಕ ಇನ್ನೊಂದು ಡಿಎನ್‌ಬಿಗೆ ಸೇರುವಂತಿಲ್ಲ ಎಂಬುದೂ ಗೊತ್ತಿರಲಿ.

ಎರಡು ವರ್ಷದ ಎನ್‌ಬಿಇಎಂಎಸ್ ಡಿಪ್ಲೊಮಾ ಬಗ್ಗೆ ಬಹಳ ಜನಕ್ಕೆ ತಿಳಿದೇ ಇಲ್ಲ. ಅನಸ್ತೇಸಿಯಾ, ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಮಕ್ಕಳ ವಿಭಾಗ, ಇಎನ್‌ಟಿ, ಕಣ್ಣು, ರೇಡಿಯಾಲಜಿ, ಕ್ಷಯ ಮತ್ತು ಶ್ವಾಸಕೋಶ, ಫ್ಯಾಮಿಲಿ ಮೆಡಿಸಿನ್ ಎಲ್ಲ ಇವೆ. ಇದು ನೋಂದಣಿಗೆ ಅರ್ಹವಾದ ಡಿಪ್ಲೊಮಾ, ಜಾಹೀರಾತಿನದಲ್ಲ. ಮುಗಿದ ಮೇಲೆ ಪಿಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಅದೇ ವಿಷಯದಲ್ಲಿ ಇನ್ನೆರಡು ವರ್ಷ ಓದಿದರೆ ಡಿಎನ್‌ಬಿ. ಲೆಕ್ಕ ಹಾಕಿ: ಒಂದು ವರ್ಷ ಡ್ರಾಪ್ ಮಾಡಿ ಮೂರು ವರ್ಷ ಎಂಡಿ ಓದಿದರೂ ನಾಲ್ಕೇ ವರ್ಷ, ಡಿಪ್ಲೊಮಾ ಹಾದಿಯಲ್ಲೂ ನಾಲ್ಕೇ. ವ್ಯತ್ಯಾಸ ಅಂದರೆ ಇಲ್ಲಿ ಎರಡನೇ ವರ್ಷದ ಕೊನೆಗೇ ಕೈಯಲ್ಲೊಂದು ಅರ್ಹತೆ ಇರುತ್ತದೆ. ಆದರೆ ನಿಮಗೆ ಬೇಕಾದ ಜನರಲ್ ಮೆಡಿಸಿನ್ ಈ ಪಟ್ಟಿಯಲ್ಲಿ ಇಲ್ಲ.

ಇಂಟರ್ನ್‌ಮುಗಿದವ

ಧನ್ಯವಾದ ಸರ್. ಹಾಗಾದರೆ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಮೆಡಿಸಿನ್‌ಗೆ ಹತ್ತಿರ ಅಂದುಕೊಳ್ಳಬಹುದೇ? ನಾನ್ ಕ್ಲಿನಿಕಲ್ ಬಗ್ಗೆಯೂ ಯಾರಾದರೂ ಹೇಳಿ.

ನಾಡಿ72

ಹತ್ತಿರ, ಆದರೆ ಅದೇ ಅಲ್ಲ. ಮೆಡಿಸಿನ್, ಮಕ್ಕಳು, ಒಬಿಜಿ, ಸರ್ಜರಿ, ಚರ್ಮ ಎಲ್ಲ ಕಡೆ ಸರದಿಯಲ್ಲಿ ಕೆಲಸ. ಸ್ವಂತ ಪ್ರಾಕ್ಟೀಸ್ ಮಾಡುವ ಮನಸ್ಸಿದ್ದರೆ ಬಹಳ ಒಳ್ಳೆಯದು, ಸಣ್ಣ ಊರಿನಲ್ಲಂತೂ ಇದಕ್ಕಿಂತ ಉಪಯೋಗದ ಪಿಜಿ ಇಲ್ಲ ಅನ್ನುತ್ತೇನೆ. ಮುಂದೆ ಡಿಎಂ ಕಾರ್ಡಿಯಾಲಜಿ (ಹೃದ್ರೋಗದ ಸೂಪರ್ ಸ್ಪೆಷಾಲಿಟಿ) ಕನಸಿದ್ದರೆ ಇದರಿಂದ ಹೋಗಲಾಗದು. ಆ ಕನಸು ನಿಜವಾಗಿಯೂ ಇದೆಯೇ, ಅಥವಾ ಎಲ್ಲರೂ ಹೇಳುತ್ತಾರೆ ಅಂತ ಮೆಡಿಸಿನ್ ಬೇಕೋ ನೋಡಿಕೊಳ್ಳಿ.

ಕೇಸ್‌ಶೀಟ್

ನಾನ್ ಕ್ಲಿನಿಕಲ್ ಎಂದು ಎಲ್ಲವನ್ನೂ ಒಂದೇ ಮೂಟೆಗೆ ಹಾಕಬೇಡಿ. ಪೆಥಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಮಾಡಿದವರಿಗೆ ಕಾಲೇಜಿನ ಹೊರಗೂ ಲ್ಯಾಬ್ ಇದೆ. ಅದರಲ್ಲೂ ಪೆಥಾಲಜಿಗೆ ಬೇಡಿಕೆ ಹೆಚ್ಚು, ಹಾಗಾಗಿ ನಿಮ್ಮ ರ‍್ಯಾಂಕಿಗೆ ಒಳ್ಳೆಯ ಕಡೆ ಸಿಗುವುದು ಕಷ್ಟ. ಫಾರ್ಮಕಾಲಜಿಯವರನ್ನು ಔಷಧ ಕಂಪನಿಗಳ ಕ್ಲಿನಿಕಲ್ ಟ್ರಯಲ್, ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆ) ವಿಭಾಗಗಳು ಹುಡುಕಿಕೊಂಡು ತೆಗೆದುಕೊಳ್ಳುತ್ತವೆ, ಬೆಂಗಳೂರಿನಲ್ಲಿ ಆ ಕೆಲಸ ಬೇಕಾದಷ್ಟಿದೆ. ಕಮ್ಯುನಿಟಿ ಮೆಡಿಸಿನ್‌ನವರಿಗೆ ಕ್ಷಯ, ಲಸಿಕೆ ಕಾರ್ಯಕ್ರಮಗಳ ಸಲಹೆಗಾರರು, ಎಪಿಡೆಮಿಯಾಲಜಿಸ್ಟ್ ಹುದ್ದೆಗಳಿವೆ. ಫೋರೆನ್ಸಿಕ್‌ನವರಿಗೆ ಶವಾಗಾರ, ನ್ಯಾಯಾಲಯ ಮತ್ತು ಬೋಧನೆ.

ಅನಾಟಮಿ, ಫಿಸಿಯಾಲಜಿಗೆ ಬೋಧನೆ ಬಿಟ್ಟರೆ ಹೊರಗೆ ಹೆಚ್ಚೇನೂ ಇಲ್ಲ. ಪಾಠ ಹೇಳುವುದು ಇಷ್ಟವಿದ್ದರೆ ರಾತ್ರಿ ಪಾಳಿಯಿಲ್ಲದ ನೆಮ್ಮದಿಯ ಬದುಕು. ಇಷ್ಟವಿಲ್ಲದೆ ‘ಎಂಡಿ ಅನ್ನಿಸಿಕೊಂಡರಾಯಿತು’ ಅಂತ ಸೇರಿದವರೇ ಆರು ತಿಂಗಳಿಗೆ ಬಿಡುವುದು. ಬಿಟ್ಟಾಗ ದಂಡ ಬೇರೆ, ಮೂಲ ದಾಖಲೆಗಳಿಗಾಗಿ ಅಲೆದಾಟ ಬೇರೆ.

ಮೆಡಿಸಿನ್ ಬೇಕೆಂದು ಹಟವಿದ್ದವರು ಅನಾಟಮಿಗೆ ಸೇರುವುದು ನನ್ನ ಪ್ರಕಾರ ಕೆಟ್ಟ ರಾಜಿ. ಪಿಎಸ್‌ಎಂ (ಕಮ್ಯುನಿಟಿ ಮೆಡಿಸಿನ್) ಬಗ್ಗೆ ಅಷ್ಟು ಖಡಾಖಂಡಿತವಾಗಿ ಹೇಳಲಾರೆ, ಅಲ್ಲಿ ಹೊರಗಿನ ಅವಕಾಶಗಳು ನಿಜಕ್ಕೂ ಚೆನ್ನಾಗಿವೆ.

ಶರಾವತಿ

ಕೇಸ್‌ಶೀಟ್ ಅವರೇ, ಪೂರ್ತಿ ಒಪ್ಪಲಾರೆ. ಡ್ರಾಪ್ ಮಾಡಿದವರೆಲ್ಲ ಮುಂದಿನ ವರ್ಷ ಮೇಲೆ ಬರುತ್ತಾರೆ ಎಂಬ ಭರವಸೆ ಏನು? ಮೂರನೇ ಸಲವೂ ಅದೇ ರ‍್ಯಾಂಕಿನ ಆಸುಪಾಸು ನಿಂತವರಿಗೆ ನಾನ್ ಕ್ಲಿನಿಕಲ್ ರಾಜಿಯಲ್ಲ, ಲೆಕ್ಕಾಚಾರ. ಮೊದಲ ಸಲದವರಿಗೆ ನಿಮ್ಮ ಮಾತು ಸರಿ.

ಬಯಲುಸೀಮೆ

ಕೆಲಸದ ಕಡೆ ಬರೋಣ. ಕರ್ನಾಟಕದಲ್ಲಿ ಓದಿದವರ ತಲೆಮೇಲೆ ಮೊದಲು ಇರುವುದು 2012ರ ಕಡ್ಡಾಯ ಸೇವಾ ಕಾಯ್ದೆ, ಒಂದು ವರ್ಷ. 2023ರ ತಿದ್ದುಪಡಿಯ ನಂತರ ಖಾಲಿ ಹುದ್ದೆಗೆ ತಕ್ಕಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಪೋಸ್ಟಿಂಗ್ ಬಂದರೆ ಮುಗಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ, ಬರದಿದ್ದರೆ ಆರೋಗ್ಯ ಇಲಾಖೆಯಿಂದ ಎನ್‌ಒಸಿ ಪಡೆದು ಕೆಎಂಸಿಯ (ಕರ್ನಾಟಕ ವೈದ್ಯಕೀಯ ಪರಿಷತ್ತು) ಖಾಯಂ ನೋಂದಣಿ ಮುಗಿಸಿಕೊಳ್ಳಿ. ಇದು ಬಾಕಿ ಉಳಿದರೆ ಮುಂದಿನ ಪ್ರತಿ ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಓದುತ್ತಾ ಕೆಲಸ ಮಾಡುವವರಿಗೆ ಸರ್ಕಾರದ ‘ನಮ್ಮ ಕ್ಲಿನಿಕ್’ ಒಳ್ಳೆಯದು. ಗುತ್ತಿಗೆ ಕೆಲಸ, ಹೊರರೋಗಿ ಮಾತ್ರ, ರಾತ್ರಿ ಪಾಳಿ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಕೆಲಸ ಬೇರೆಯೇ: ರೋಗಿ ನೋಡುವುದು ಅರ್ಧ, ಉಳಿದರ್ಧ ವರದಿ, ಸಭೆ, ಆಶಾ ಕಾರ್ಯಕರ್ತೆಯರ ಮೇಲ್ವಿಚಾರಣೆ, ಲಸಿಕೆ. ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ ಓದಲು ಸಮಯ ಸಿಗುತ್ತದೆ ಅಂದುಕೊಂಡು ಹೋದರೆ ನಿರಾಸೆಯೇ.

ಖಾಯಂ ಸೇವೆಗೆ ಸೇರಿದರೆ ಇನ್ನೊಂದು ದಾರಿ ತೆರೆಯುತ್ತದೆ, ಸೇವಾನಿರತರ ಪಿಜಿ ಕೋಟಾ. ರಾಜ್ಯಗಳು ಇಂಥ ಕೋಟಾ ಇಡಬಹುದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲೇ ಹೇಳಿದೆ. ನಿಗದಿತ ವರ್ಷ ಸೇವೆ ಮುಗಿಸಿ, ನೀಟ್ ಪಿಜಿಯಲ್ಲಿ ಅರ್ಹರಾದರೆ ಪೈಪೋಟಿ ನಿಮ್ಮಂಥ ಸೇವಾನಿರತರ ನಡುವೆ ಮಾತ್ರ. ಓದಿ ಬಂದ ಮೇಲೆ ಸೇವೆಯ ಬಾಂಡ್ ಇರುತ್ತದೆ. ಗುತ್ತಿಗೆ ವೈದ್ಯರಿಗೆ ಈ ಕೋಟಾ ಸಿಗುತ್ತದೆ ಅಂತ ನಂಬಿಸುವವರ ಮಾತು ಕೇಳಬೇಡಿ, ಆ ವರ್ಷದ ಅಧಿಸೂಚನೆ ಓದಿ.

ಕೇಂದ್ರದ ವೈದ್ಯಾಧಿಕಾರಿ ಕೆಲಸಕ್ಕೆ ಯುಪಿಎಸ್‌ಸಿಯ ಸಿಎಂಎಸ್ ಪರೀಕ್ಷೆ. ಎರಡು ಪತ್ರಿಕೆ, ತಲಾ 250 ಅಂಕ, 120 ಪ್ರಶ್ನೆ, 2 ಗಂಟೆ. ಮೊದಲನೆಯದು ಮೆಡಿಸಿನ್ 96, ಮಕ್ಕಳು 24. ಎರಡನೆಯದು ಸರ್ಜರಿ, ಒಬಿಜಿ, ಪಿಎಸ್‌ಎಂ ತಲಾ 40. ತಪ್ಪಿಗೆ ಮೂರನೇ ಒಂದು ಭಾಗ ಕಡಿತ, ಸಂದರ್ಶನಕ್ಕೆ 100. ವಯಸ್ಸು ಹೆಚ್ಚಿನ ಹುದ್ದೆಗಳಿಗೆ 32ರ ಒಳಗೆ. ಆರಂಭದ ಮೂಲ ವೇತನ 56,100, ಮೇಲೆ ಭತ್ಯೆಗಳು. ರೈಲ್ವೆ, ಕೇಂದ್ರ ಆರೋಗ್ಯ ಸೇವೆ, ದೆಹಲಿ ಪಾಲಿಕೆ ಹುದ್ದೆಗಳು ಇದರಲ್ಲೇ. ನೀಟ್‌ಗೆ ಓದಿದ್ದು ಇಲ್ಲಿಗೂ ಬಳಕೆಯಾಗುತ್ತದೆ, ಪಿಎಸ್‌ಎಂ ಒಂದಕ್ಕೆ ಮಾತ್ರ ಹೆಚ್ಚು ಬೆವರು ಹರಿಸಬೇಕು.

ಸೇನೆಯ ವೈದ್ಯಕೀಯ ದಳದ ಶಾರ್ಟ್ ಸರ್ವಿಸ್ ಕಮಿಷನ್ ಕೂಡ ನೋಡಿ. ಎಂಬಿಬಿಎಸ್ ಆದವರಿಗೆ 30 ವರ್ಷದ ಒಳಗೆ, ಇತ್ತೀಚೆಗೆ ನೀಟ್ ಪಿಜಿ ಅಂಕದ ಮೇಲೆಯೇ ಸಂದರ್ಶನಕ್ಕೆ ಕರೆಯುತ್ತಾರೆ. ಕ್ಯಾಪ್ಟನ್ ಆಗಿ ಸೇರ್ಪಡೆ, ಗರಿಷ್ಠ 14 ವರ್ಷ ಸೇವೆ. ಸಂದರ್ಶನಕ್ಕೆ ಎರಡೇ ಅವಕಾಶ, ತಯಾರಿಯಿಲ್ಲದೆ ಒಂದನ್ನು ಹಾಳು ಮಾಡಿಕೊಳ್ಳಬೇಡಿ.

ದೆಹಲಿಯ ಏಮ್ಸ್‌ನಂಥ ಕಡೆ ನಾನ್ ಅಕಾಡೆಮಿಕ್ (ಪಿಜಿ ಓದಿನ ಭಾಗವಲ್ಲದ) ಜೂನಿಯರ್ ರೆಸಿಡೆಂಟ್ ಹುದ್ದೆಗಳಿವೆ, ಆರು ತಿಂಗಳ ಅವಧಿ, ಅದೇ 56,100ರ ಹಂತ. ಹಣದ ಜೊತೆ ಕೆಲಸವೂ ಕಲಿಯಬಹುದು, ಆದರೆ ಪರೀಕ್ಷೆಗೆ ಮೂರು ತಿಂಗಳಿರುವಾಗ ಅಲ್ಲಿಗೆ ಹೋಗಬೇಡಿ.

ಗ್ರ್ಯಾಂಡ್‌ಟೆಸ್ಟ್

ಡ್ರಾಪ್ ಮಾಡುವುದಾದರೆ ಪರೀಕ್ಷೆಯ ಈಗಿನ ಸ್ವರೂಪ ಅರ್ಥಮಾಡಿಕೊಂಡು ಮಾಡಿ. 200 ಪ್ರಶ್ನೆ, 800 ಅಂಕ, ಸರಿಗೆ 4, ತಪ್ಪಿಗೆ 1 ಕಡಿತ. 2024ರಿಂದ ಐದು ಭಾಗ, ಭಾಗಕ್ಕೆ 40 ಪ್ರಶ್ನೆ, 42 ನಿಮಿಷ. ಒಂದು ಭಾಗದ ಸಮಯ ಮುಗಿದರೆ ಹಿಂತಿರುಗಿ ನೋಡುವಂತಿಲ್ಲ. ಹಳೆಯ ಅಭ್ಯಾಸದಂತೆ ‘ಕಷ್ಟದ್ದು ಕೊನೆಗೆ’ ಅಂತ ಗುರುತು ಮಾಡಿಟ್ಟವರು ಭಾಗ ಮುಗಿದಾಗ ಎಂಟು ಹತ್ತು ಪ್ರಶ್ನೆ ಖಾಲಿ ಬಿಟ್ಟಿರುತ್ತಾರೆ. ಮನೆಯಲ್ಲಿ ಮಾಡುವ ಪರೀಕ್ಷೆಗಳನ್ನೂ 42 ನಿಮಿಷದ ತುಂಡುಗಳಲ್ಲೇ ಮಾಡಿ.

ಅಂಕ ಹೋಗಿದ್ದೆಲ್ಲಿ ಅಂತ ನೋಡದೆ 19 ವಿಷಯವನ್ನೂ ಮೊದಲಿನಿಂದ ವಿಡಿಯೊ ನೋಡಲು ಕೂರುವುದು ಡ್ರಾಪರ್‌ಗಳ ಮಾಮೂಲಿ ತಪ್ಪು. ಕೊನೆಯ ನಾಲ್ಕೈದು ಗ್ರ್ಯಾಂಡ್ ಟೆಸ್ಟ್‌ಗಳ (ಪೂರ್ಣ ಅಣಕು ಪರೀಕ್ಷೆ) ತಪ್ಪುಗಳನ್ನು ತೆಗೆದು ಮೂರು ಗುಂಪು ಮಾಡಿ: ಗೊತ್ತೇ ಇರಲಿಲ್ಲ, ಓದಿದ್ದೆ ಮರೆತೆ, ಗೊತ್ತಿತ್ತು ಆದರೆ ಪ್ರಶ್ನೆ ತಪ್ಪು ಓದಿದೆ. ಎರಡನೇ ಗುಂಪು ದೊಡ್ಡದಿದ್ದರೆ ಹೊಸ ಕ್ಲಾಸಿಗೆ ದುಡ್ಡು ಕಟ್ಟುವುದು ದಂಡ, ಬೇಕಿರುವುದು ಪುನರಾವರ್ತನೆ. ಮೂರನೆಯದು ದೊಡ್ಡದಿದ್ದರೆ ಹೆಚ್ಚು ಪ್ರಶ್ನೆ ಬಿಡಿಸುವುದೊಂದೇ ಮದ್ದು.

ಐಎನ್‌ಐಸಿಇಟಿ (ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಪಿಜಿ ಪ್ರವೇಶ ಪರೀಕ್ಷೆ) ವರ್ಷಕ್ಕೆ ಎರಡು ಸಲ, ಏಮ್ಸ್, ಜಿಪ್ಮರ್, ಪಿಜಿಐ ಜೊತೆಗೆ ನಮ್ಮ ನಿಮ್ಹಾನ್ಸ್ ಸೀಟುಗಳೂ ಇದರಲ್ಲೇ. ಎಂಬಿಬಿಎಸ್‌ನಲ್ಲಿ ಒಟ್ಟಾರೆ 60%, ಪರಿಶಿಷ್ಟರಿಗೆ 55% ಇರಬೇಕು. ಅಂಕಪಟ್ಟಿ ಕೂಡಿಸಿ ನೋಡದೆ ತಯಾರಿಗಿಳಿದು ಆಮೇಲೆ ಅರ್ಹತೆಯಿಲ್ಲ ಅಂತ ಗೊತ್ತಾಗುವವರಿದ್ದಾರೆ.

ಹಳೇಸ್ಟೆತ್

ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಹೋಗುವವರು ಇಷ್ಟು ನೋಡಿಕೊಳ್ಳಿ. ಮೂಲ ಪ್ರಮಾಣಪತ್ರ ಒತ್ತೆ ಇಟ್ಟುಕೊಳ್ಳುವ ಕಡೆ ಸೇರಲೇಬೇಡಿ, ಕೌನ್ಸೆಲಿಂಗ್ ಸಮಯದಲ್ಲಿ ಅದೇ ನಿಮ್ಮ ಕುತ್ತಿಗೆಗೆ ಬರುತ್ತದೆ. ನೇಮಕಾತಿ ಪತ್ರದಲ್ಲಿ ತಿಂಗಳಿಗೆ ಎಷ್ಟು ರಾತ್ರಿ ಪಾಳಿ, ಬಿಡಲು ಎಷ್ಟು ದಿನ ಮುಂಚಿತ ಸೂಚನೆ ಎಂಬುದು ಬರವಣಿಗೆಯಲ್ಲಿರಲಿ. ‘ಸಂಬಳ’ ಅನ್ನುವುದು ಬಹಳ ಕಡೆ ವೃತ್ತಿಪರ ಶುಲ್ಕ: 10% ಟಿಡಿಎಸ್ ಹಿಡಿಯುತ್ತಾರೆ, ಪಿಎಫ್ ಇರುವುದಿಲ್ಲ. ರಿಟರ್ನ್ ಸಲ್ಲಿಸಿದರೆ ಹಿಡಿದದ್ದರಲ್ಲಿ ಹೆಚ್ಚುಪಾಲು ವಾಪಸ್ ಬರಬಹುದು, ಅರ್ಧ ಜನ ಸಲ್ಲಿಸುವುದೇ ಇಲ್ಲ.

ತರಬೇತಿಯಿಲ್ಲದೆ ಐಸಿಯು ರಾತ್ರಿ ಪಾಳಿ ಒಬ್ಬರೇ ಹೊರುವುದು ಅಪಾಯ, ರೋಗಿಗೂ ನಿಮಗೂ. ಕನ್ಸಲ್ಟೆಂಟ್‌ಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ, ಏನು ಹೇಳಿದರು ಎಂಬುದನ್ನು ಸಮಯ ಸಹಿತ ಕೇಸ್ ಶೀಟಿನಲ್ಲಿ ಆಗಲೇ ಬರೆಯಿರಿ. ಆಸ್ಪತ್ರೆಯ ಇನ್ಶೂರೆನ್ಸ್ ಇದೆ ಅಂತ ಸುಮ್ಮನಾಗದೆ ನಿಮ್ಮ ಹೆಸರಿನಲ್ಲೇ ವೃತ್ತಿ ವಿಮೆ ಮಾಡಿಸಿ.

ಸ್ವಂತ ಕ್ಲಿನಿಕ್ ತೆರೆಯುವುದಾದರೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇಲ್ಲದೆ ಬೋರ್ಡು ಹಾಕಬೇಡಿ. ಅರ್ಜಿ ಆನ್‌ಲೈನ್. ಕೆಎಂಸಿ ನೋಂದಣಿ, ಜಾಗದ ಕರಾರು, ಜೈವಿಕ ತ್ಯಾಜ್ಯ ಒಯ್ಯುವ ಸಂಸ್ಥೆಯೊಂದಿಗಿನ ಒಪ್ಪಂದ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ತಡವಾಗುವುದು ಸಾಮಾನ್ಯವಾಗಿ ತ್ಯಾಜ್ಯದ ಕಾಗದಗಳಿಂದ, ಅದನ್ನೇ ಮೊದಲು ಶುರುಮಾಡಿ. ಸೂಜಿಗೆ ಚುಚ್ಚಿ ತೂರದ ಬಿಳಿ ಡಬ್ಬಿ, ಹಳದಿ ಮತ್ತು ಕೆಂಪು ಚೀಲ, ಗಾಜಿಗೆ ನೀಲಿ. ಸಂಸ್ಕರಿಸದ ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಲೋಪತಿ ಕ್ಲಿನಿಕ್ಕಿನ ಫಲಕ ನೀಲಿ ಬಣ್ಣದ್ದಿರಬೇಕು, ಅದರಲ್ಲಿ ನೋಂದಣಿ ಸಂಖ್ಯೆ ಕಾಣಬೇಕು, ದರಪಟ್ಟಿ ಹಾಕಬೇಕು.

ನಿಮ್ಮ ರೋಗಿಗೆ ನೀವೇ ಔಷಧ ಕೊಡಬಹುದು, ಅಂಗಡಿಯಂತೆ ಬಂದವರಿಗೆಲ್ಲ ಮಾರುವಂತಿಲ್ಲ. ಸ್ಕ್ಯಾನಿಂಗ್ ಯಂತ್ರ ಇಡುವ ಯೋಚನೆ ಇದ್ದರೆ ಎಂಬಿಬಿಎಸ್ ಆದವರಿಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ) ಅಡಿ ಆರು ತಿಂಗಳ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ.

ಕಡಲತಡಿ

ವಿದೇಶದ ವಿಷಯದಲ್ಲಿ ಹಳೆಯ ಸೀನಿಯರ್‌ಗಳ ಮಾತು ಇವತ್ತಿಗೆ ಹೊಂದುವುದಿಲ್ಲ. ಪ್ಲ್ಯಾಬ್ ಸುಲಭದ ದಾರಿಯಾಗಿ ಉಳಿದಿಲ್ಲ. ಪರೀಕ್ಷೆ ಅದೇ: ಮೊದಲ ಭಾಗ 180 ಪ್ರಶ್ನೆ, ಎರಡನೆಯದು ಮ್ಯಾಂಚೆಸ್ಟರ್‌ನಲ್ಲಿ, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟಾರೆ 7.5, ಪ್ರತಿಯೊಂದರಲ್ಲೂ 7. ತೊಂದರೆ ಆಮೇಲೆ. ನೋಂದಣಿ ಸಿಕ್ಕಿಯೂ ಕೆಲಸ ಸಿಗದವರು ಬಹಳ, ಜೊತೆಗೆ ತರಬೇತಿ ಹುದ್ದೆಗಳಲ್ಲಿ ತಮ್ಮಲ್ಲಿ ಓದಿದವರಿಗೇ ಆದ್ಯತೆ ಎಂದು ಅಲ್ಲಿನ ಸರ್ಕಾರ 2025ರ ಜುಲೈನ ಯೋಜನೆಯಲ್ಲೇ ಹೇಳಿದೆ. ಇದ್ದ ಹಣವನ್ನೆಲ್ಲ ಅದಕ್ಕೆ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಅಮೆರಿಕ ದುಬಾರಿ ಮತ್ತು ನಿಧಾನ, ಆದರೆ ನಿಯಮ ಸ್ಪಷ್ಟ. ಅಲ್ಲಿನ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1, 2022ರಿಂದ ಪಾಸು ಫೇಲು ಮಾತ್ರ, ಆದ್ದರಿಂದ ಸ್ಟೆಪ್ 2 ಸಿಕೆ ಅಂಕವೇ ನಿರ್ಣಾಯಕ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಮಾರ್ಚ್‌ನಲ್ಲಿ ಮ್ಯಾಚ್ (ತರಬೇತಿ ಸೀಟು ಹಂಚಿಕೆ), ಜುಲೈನಲ್ಲಿ ಕೆಲಸ. 2024ರಲ್ಲಿ ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಮ್ಯಾಚ್ ಆದವರು ಸುಮಾರು 58%. ಫೇಲಾದ ದಾಖಲೆ ಅಳಿಸಿಹೋಗುವುದಿಲ್ಲ, ತಯಾರಿಲ್ಲದೆ ಕೂರಬೇಡಿ. ಪದವಿ ಮುಗಿದು ಐದು ವರ್ಷ ದಾಟಿದವರನ್ನು ಬಹಳ ಕಡೆ ಅರ್ಜಿಯಲ್ಲೇ ಸೋಸಿಬಿಡುತ್ತಾರೆ. ಇಂಟರ್ನಲ್ ಮೆಡಿಸಿನ್ ಸೀಟುಗಳು ಅಲ್ಲಿ ಹೆಚ್ಚು, ನಿಮ್ಮ ಆಸೆಗೆ ಅದು ಹೊಂದುತ್ತದೆ. ನೀಟ್ ಮತ್ತು ಸ್ಟೆಪ್ ಎರಡನ್ನೂ ಒಟ್ಟಿಗೆ ಓದುತ್ತೇನೆ ಅನ್ನುವವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುತ್ತಾರೆ, ಒಂದನ್ನು ಹಿಡಿಯಿರಿ.

ಜರ್ಮನಿಗೆ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಇಲ್ಲ, ಭಾಷೆಯೇ ಪರೀಕ್ಷೆ. ಬಿ2 ಮಟ್ಟದ ಜರ್ಮನ್, ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ, ಆಮೇಲೆ ಜ್ಞಾನ ಪರೀಕ್ಷೆ, ಅದಕ್ಕೆ ಮೂರು ಅವಕಾಶ. ಪಾಸಾದರೆ ಪೂರ್ಣ ಪರವಾನಗಿ. ತಜ್ಞ ತರಬೇತಿ ಐದಾರು ವರ್ಷ, ಸಂಬಳದೊಂದಿಗೆ. ಬಿ2 ಪ್ರಮಾಣಪತ್ರ ಕೈಯಲ್ಲಿದ್ದೂ ರೋಗಿಯ ಮಾತು ಅರ್ಥವಾಗದೆ ಭಾಷಾ ಪರೀಕ್ಷೆಯಲ್ಲಿ ಬೀಳುವವರು ಹೆಚ್ಚು. ಏಜೆನ್ಸಿಗಳು ಹೇಳುವ ‘ಎಂಟೇ ತಿಂಗಳು’ ನಂಬಬೇಡಿ.

ಕೇಸ್‌ಶೀಟ್

ಜಾಹೀರಾತಿನ ಫೆಲೋಶಿಪ್ ಬಗ್ಗೆ ಯಾರೂ ಹೇಳಲಿಲ್ಲ. ಕೇಳಬೇಕಾದ್ದು ಒಂದೇ ಪ್ರಶ್ನೆ: ಇದನ್ನು ಕೆಎಂಸಿಯಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಬಹುದೇ? ಆಗದಿದ್ದರೆ ಅದು ಕಲಿಕೆ, ಅರ್ಹತೆಯಲ್ಲ. ಮಧುಮೇಹದ ಸರ್ಟಿಫಿಕೇಟ್ ಕೋರ್ಸುಗಳಿಂದ ಕಲಿಯುವುದು ಇದ್ದೇ ಇದೆ, ಓದಿ. ಆದರೆ ಬೋರ್ಡಿನಲ್ಲಿ ‘ಡಯಾಬಿಟಾಲಜಿಸ್ಟ್’ ಅಂತ ಬರೆದರೆ, ಆ ವಿಭಾಗದ ವಿಶೇಷ ಅರ್ಹತೆಯಿಲ್ಲದೆ ತಜ್ಞರೆಂದು ಹೇಳಿಕೊಳ್ಳಬಾರದೆಂಬ 2002ರ ವೃತ್ತಿ ನಿಯಮ ಮೀರಿದಂತೆ. ಗ್ರಾಹಕ ವೇದಿಕೆಗೆ ಕೇಸು ಹೋದರೆ ಎದುರಿನ ವಕೀಲರು ಮೊದಲು ತೋರಿಸುವುದೇ ಆ ಬೋರ್ಡಿನ ಫೋಟೊ. ಎಮರ್ಜೆನ್ಸಿಯ ಎಂಇಎಂ (ಮಾಸ್ಟರ್ಸ್ ಇನ್ ಎಮರ್ಜೆನ್ಸಿ ಮೆಡಿಸಿನ್) ಕೋರ್ಸುಗಳಿಗೂ ಇದೇ ಮಾತು: ಕೈ ಪಳಗುತ್ತದೆ, ಎಂಡಿಗೆ ಸಮವಲ್ಲ.

ಆಸ್ಪತ್ರೆಯ ಆಚೆಯ ಕೆಲಸ ಬೇಕಿದ್ದವರಿಗೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಇದೆ. ತಿರುವನಂತಪುರದ ಶ್ರೀಚಿತ್ರಾ, ಮಣಿಪಾಲ ಹತ್ತಿರದವು. ಆರೋಗ್ಯ ವಿಮೆಯ ಕ್ಲೇಮ್ ಪರಿಶೀಲನೆ, ಮೆಡಿಕಲ್ ರೈಟಿಂಗ್ ಕೆಲಸಗಳಿಗೆ ಪಿಜಿ ಕೇಳುವುದಿಲ್ಲ. ಎರಡು ವರ್ಷ ರೋಗಿಯನ್ನು ಮುಟ್ಟದೆ ಹೋದರೆ ವಾಪಸ್ ವಾರ್ಡಿಗೆ ಬರುವುದು ಕಷ್ಟ, ಅದನ್ನು ತಿಳಿದೇ ಹೋಗಿ.

ಇಂಟರ್ನ್‌ಮುಗಿದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸದ್ಯ ಯೋಚನೆ ಹೀಗಿದೆ: ಉಳಿದ ಸುತ್ತುಗಳಲ್ಲಿ ಡಿಎನ್‌ಬಿ ಮೆಡಿಸಿನ್ ಮತ್ತು ಫ್ಯಾಮಿಲಿ ಮೆಡಿಸಿನ್ ಮಾತ್ರ ಹಾಕುವುದು, ಬರದಿದ್ದರೆ ‘ನಮ್ಮ ಕ್ಲಿನಿಕ್’ ಕೆಲಸದ ಜೊತೆ ಮತ್ತೆ ನೀಟ್, ನಡುವೆ ಸಿಎಂಎಸ್. ಇವತ್ತೇ ಶುರುಮಾಡಬೇಕಾದ ಕಾಗದಪತ್ರ ಯಾವುವು?

ಬಯಲುಸೀಮೆ

ಯೋಚನೆ ಸರಿಯಿದೆ. ಮೊದಲು ಎನ್‌ಒಸಿ ಮತ್ತು ಕೆಎಂಸಿ ಖಾಯಂ ನೋಂದಣಿ. ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರದಲ್ಲಿ ದಿನಾಂಕ ಸರಿಯಿದೆಯೇ ನೋಡಿ, ರಜೆಯಿಂದ ವಿಸ್ತರಣೆ ಆಗಿದ್ದರೆ ಅದೂ ನಮೂದಾಗಿರಬೇಕು. ಕಾಲೇಜಿನಿಂದ ಅಟೆಂಪ್ಟ್ ಸರ್ಟಿಫಿಕೇಟ್ (ಎಷ್ಟನೇ ಸಲಕ್ಕೆ ಪಾಸಾದಿರಿ ಎಂಬ ಪತ್ರ), ವಿಶ್ವವಿದ್ಯಾಲಯದಿಂದ ಪದವಿ ಪ್ರಮಾಣಪತ್ರ ತೆಗೆದಿಡಿ. ಎಸ್ಸೆಸ್ಸೆಲ್ಸಿ, ಎಂಬಿಬಿಎಸ್, ಆಧಾರ್, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಈಗಲೇ ಅಫಿಡವಿಟ್ ಮಾಡಿಸಿ. ಇಡಬ್ಲ್ಯೂಎಸ್ ಅನ್ವಯಿಸುವುದಾದರೆ ಪ್ರಮಾಣಪತ್ರ ಆಯಾ ಹಣಕಾಸು ವರ್ಷದ್ದೇ ಆಗಬೇಕು, ಏಪ್ರಿಲ್ ದಾಟಿದ ಮೇಲೆ ತಹಶೀಲ್ದಾರ್ ಕಚೇರಿಗೆ ಹೋಗಿ. ಕೆಎಂಸಿಯ ಗುಡ್ ಸ್ಟ್ಯಾಂಡಿಂಗ್ ಪತ್ರ (ನಿಮ್ಮ ಮೇಲೆ ಶಿಸ್ತು ಕ್ರಮವಿಲ್ಲ ಎಂಬುದು) ಈಗ ಬೇಡ, ಅದಕ್ಕೆ ಅವಧಿ ಇರುತ್ತದೆ, ಬೇಕಾದಾಗಲೇ ತೆಗೆಸಿ.

ಶರಾವತಿ

ಒಂದು ಸೇರ್ಪಡೆ. ಕ್ಲಿನಿಕ್ ಕೆಲಸಕ್ಕೆ ಸೇರುವಾಗ ರಾಜೀನಾಮೆಗೆ ಎಷ್ಟು ದಿನದ ಸೂಚನೆ ಬೇಕು ಅಂತ ಓದಿ ಸಹಿ ಹಾಕಿ. ಕೌನ್ಸೆಲಿಂಗ್‌ನಲ್ಲಿ ಸೀಟು ಬಂದ ಮೇಲೆ ಕಾಲೇಜಿಗೆ ವರದಿ ಮಾಡಿಕೊಳ್ಳಲು ಸಿಗುವುದು ಕೆಲವೇ ದಿನ, ಬಿಡುಗಡೆ ಪತ್ರಕ್ಕಾಗಿ ಆಗ ಓಡಾಡುವಂತಾಗಬಾರದು.